ಎಡದ ಕೇಬಲ್, ಬಲದ ಕೇಬಲ್

ಮಾರ್ಚ್ ೧೧, ಭಾನುವಾರ

ಪ್ರೀತಿಯ ಪಿಟೀಲೇ,

ನೀನು ಎರಡು ಪತ್ರ ಬರೆದರೂ ಉಸಿರೆತ್ತದ ಈ ಅಣ್ಣನನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೀಯೋ, ಅಷ್ಟೂ ನನಗೆ ಸಲ್ಲತಕ್ಕದ್ದೇ. ನಾವೆಲ್ಲ ಕ್ಷೇಮ. ನಿನ್ನ ಅತ್ತಿಗೆಯ ಮಂಡಿನೋವು ಇಳಿದಿದೆ, ನನ್ನನ್ನು ಓಡಾಡಿಸುವುದು ಮಾತ್ರ ಇಳಿದಿಲ್ಲ. "ತಂಗಿಗೆ ಒಂದು ಸಾಲು ಗೀಚೋಕೂ ಪುರುಸೊತ್ತಿಲ್ವಾ?" ಎಂದು ದಿನಾ ಕೇಳುತ್ತಾಳೆ. ಪುರುಸೊತ್ತಿತ್ತು. ಧೈರ್ಯ ಇರಲಿಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ನೀನು ಹಿಂತೆಗೆದುಕೊಂಡ ಆ ಸಂಶೋಧನಾ ಪ್ರಬಂಧದಲ್ಲಿ ತಪ್ಪು ನಿನ್ನದಲ್ಲ, ನನ್ನದು.

ನಿನಗೆ ಪಾಠ ಹೇಳುವ ಯೋಗ್ಯತೆ ಈ ರಿಪೇರಿಯವನಿಗೆ ಎಲ್ಲಿಂದ ಬರಬೇಕು? ಊಟ ಮಾಡುತ್ತಾ ನೀನೇ ಹೇಳಿಕೊಟ್ಟದ್ದು: ದೊಡ್ಡ ನಕ್ಷತ್ರ ಹುಟ್ಟುವಾಗ ಸುತ್ತ ದಟ್ಟ ಧೂಳು, ಬೆಳಕು ಹೊರಗೆ ಬಾರದು. ಆದರೆ ಅಲ್ಲಿನ ನೀರಾವಿಯಿಂದ ಹೊರಡುವ ಮೇಸರ್ ಎಂಬ ಪ್ರಬಲ ರೇಡಿಯೊ ಅಲೆ ಧೂಳನ್ನು ದಾಟಿ ನಮ್ಮ ದೂರದರ್ಶಕಕ್ಕೆ ಬರುತ್ತದೆ. ಅದರಲ್ಲಿ ಎಡಕ್ಕೆ ಸುತ್ತುವ ಅಲೆ, ಬಲಕ್ಕೆ ಸುತ್ತುವ ಅಲೆ ಎರಡೂ ಇರುತ್ತವೆ. ಅವುಗಳ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸ ಅಳೆದರೆ, ಅಲ್ಲಿನ ಕಾಂತಕ್ಷೇತ್ರ ನಮ್ಮ ಕಡೆ ಮುಖ ಮಾಡಿದೆಯೋ ಬೆನ್ನು ಮಾಡಿದೆಯೋ ತಿಳಿಯುತ್ತದೆ. ಎರಡೇ ವರ್ಷದಲ್ಲಿ ಅದು ತಿರುಗಿ ನಿಂತಿದೆ ಎಂದು ನೀನು ಕಂಡುಹಿಡಿದೆ. ಇಬ್ಬರೂ ಕುಣಿದಾಡಿದೆವು. ಆಮೇಲೆ ಬೇರೆ ದೂರದರ್ಶಕದವರು ನೋಡಿ, ಏನೂ ತಿರುಗಿಲ್ಲ ಎಂದರು.

ತಿರುಗುಮುರುಗು ಮಾಡಿದ್ದು ನಾನು. ನಿನ್ನ ಎರಡು ವೀಕ್ಷಣೆಗಳ ನಡುವೆ ದೂರದರ್ಶಕದ ಅಲೆ ಹಿಡಿಯುವ ರಿಸೀವರನ್ನು ಬಿಚ್ಚಿ ರಿಪೇರಿ ಮಾಡಿದ್ದೆನಲ್ಲ, ಆಗ ಕೇಬಲ್‌ಗಳ ಗುರುತಿನ ಟೇಪು ಕಳಚಿ ಬಿದ್ದಿತ್ತು. ಎಡದ್ದು ಕೆಂಪು, ಬಲದ್ದು ನೀಲಿ. ಇಪ್ಪತ್ತು ವರ್ಷದ ಅನುಭವಸ್ಥನಲ್ಲವೇ, ನಕ್ಷೆ ತೆಗೆದು ನೋಡದೆ ಅಂದಾಜಿನ ಮೇಲೆ ಸಿಕ್ಕಿಸಿದೆ. ಎಡದ್ದು ಬಲಕ್ಕೆ ಹೋಯಿತು, ಬಲದ್ದು ಎಡಕ್ಕೆ; ನಿನಗೆ ಕಾಂತಕ್ಷೇತ್ರವೇ ತಿರುಗಿದಂತೆ ಕಂಡಿತು. ಹೋದ ವಾರ ಆ ರಿಪೇರಿಯ ಹಳೆಯ ಫೋಟೋ ನೋಡುವಾಗ ಗೊತ್ತಾಯಿತು.

"ನನ್ನ ಲೆಕ್ಕವೇ ತಪ್ಪಿರಬೇಕು" ಎಂದು ನೀನು ಎಲ್ಲರೆದುರು ಒಪ್ಪಿಕೊಂಡೆ. ಇಷ್ಟಪಟ್ಟ ಕೆಲಸ ಬಿಟ್ಟು ಎಂಟನೇ ತರಗತಿಗೆ ಗಣಿತ ಹೇಳಲು ಹೋದೆ. ಶುಕ್ರವಾರ ನಮ್ಮ ವೀಕ್ಷಣಾಲಯದ ನಿರ್ದೇಶಕರ ಕೈಗೆ ಎಲ್ಲ ಬರೆದುಕೊಟ್ಟೆ. "ಈಗ ಯಾಕ್ರೀ ಇದೆಲ್ಲ?" ಎಂದರು. ಅವಳ ಹೆಸರು ಸರಿಹೋಗಬೇಕು ಸಾರ್, ಎಂದೆ. ಇನ್ನು ಅವರು ಪ್ರಕಟಿಸದೆ ವಿಧಿಯಿಲ್ಲ.

ನೂರು ವರ್ಷ ಸುಖವಾಗಿ ಬಾಳು, ನನ್ನ ಪಿಟೀಲೇ. ಜಗಳಕ್ಕಾದರೂ ಒಮ್ಮೆ ಬಾ.

ಇಂತಿ,
ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಫೋಟೋ ಗೀಟೋ ಏನೂ ಇಲ್ಲ, ಅದು ಸುಳ್ಳು. ನೀನು ಪ್ರಬಂಧ ಹಿಂತೆಗೆದುಕೊಳ್ಳುವ ಹಿಂದಿನ ದಿನವೇ ನಾನು ರಿಸೀವರಿನ ಮುಚ್ಚಳ ತೆಗೆದು ನೋಡಿದ್ದೆ. ಸದ್ದಿಲ್ಲದೆ ಕೇಬಲ್‌ಗಳನ್ನು ಸರಿಮಾಡಿ ಮುಚ್ಚಿಬಿಟ್ಟೆ. ಮುಖ್ಯ ತಂತ್ರಜ್ಞನ ಹುದ್ದೆಗೆ ಆಗ ನನ್ನ ಹೆಸರು ಓಡುತ್ತಿತ್ತು. ಮರುದಿನ ಸಂಜೆ ನೀನು ಅಳುಮುಖ ಮಾಡಿಕೊಂಡು ನನ್ನ ಹತ್ತಿರ ಬಂದು, "ಅಣ್ಣಾ, ನನ್ನಿಂದ ನಿನ್ನ ರಿಸೀವರ್‌ಗೂ ಕೆಟ್ಟ ಹೆಸರು ಬಂತು, ಕ್ಷಮಿಸ್ತೀಯಾ?" ಎಂದು ಕೇಳಿದೆ.

"ಹೋಗ್ಲಿ ಬಿಡೇ," ಎಂದು ನಾನು ನಿನ್ನನ್ನು ಕ್ಷಮಿಸಿಬಿಟ್ಟೆ.