ಚೋಲ್ಪೋನ್ ತಂದ ಕಾಲುಚೀಲ

ಎರ್ಮೆಕ್,

ಒಲೆಯ ಮೇಲೆ ಕುರಿಮಾಂಸದ ಸಾರಿದೆ, ಬಿಸಿ ಮಾಡಿಕೋ. ಊಟವಾದ ಮೇಲೆ ಅತ್ತೆಗೆ ಬಿಪಿ ಮಾತ್ರೆ ಕೊಡು. ಕೈಗೆ ಕೊಡದಿದ್ದರೆ ಅವರು ನುಂಗುವುದಿಲ್ಲ.

ನೀನು ಹೊರಗೆ ಹೋದ ಮೇಲೆ ಚೋಲ್ಪೋನ್ ಬಂದಿದ್ದಳು. ನೀನು, ನಾನು, ಅವಳು ಮೂವರೂ ಅರ್ಜಿ ಹಾಕಿದ್ದ ರಾಜಕೀಯ ಅರ್ಥಶಾಸ್ತ್ರದ ಫೆಲೋಶಿಪ್ ಅವಳಿಗೆ ಸಿಕ್ಕಿದೆ. ವಿಯೆನ್ನಾದಲ್ಲಿ ಎರಡು ವರ್ಷ ಓದು, ಖರ್ಚೆಲ್ಲ ಅವರದೇ. ಕೂಸಿನ ಕಾಲುಚೀಲ ನನ್ನ ಕೈಗಿಟ್ಟು, "ಎಷ್ಟನೇ ತಿಂಗಳೇ ಬುರುಲ್?" ಅಂದಳು. ಹಾಗೆಂದು ಯಾರು ಹೇಳಿದರೆಂದು ಕೇಳಿದೆ.

"ಮೊದ್ಲು ನಿನ್ನನ್ನೇ ಆರಿಸಿದ್ರಂತೆ ಕಣೇ. ಫೋನ್ ಮಾಡಿದ್ರೆ ನಿನ್ ಗಂಡ ಎತ್ತಿ, ಅವಳು ಬಸುರಿ, ಬರಲ್ಲ ಅಂದನಂತೆ."

ಆ ಫೋನ್ ಬಂದಾಗ ನಾನು ನಿನ್ನ ನೆಂಟರಿಗೆ ಬೋರ್ಸೋಕ್ ಕರಿಯಲು ಹಿಟ್ಟು ನಾದುತ್ತಿದ್ದೆ. ನನ್ನ ಫೋನಿಗೆ ಮಾಡಿದ್ದು ಯಾರೆಂದು ಕೂಗಿ ಕೇಳಿದರೆ "ರಾಂಗ್ ನಂಬರ್" ಅಂದೆಯಲ್ಲ.

ಚೋಲ್ಪೋನ್ ಅಳುತ್ತಾ, ಜಾಗ ಬಿಟ್ಟುಕೊಡುತ್ತೇನೆಂದಳು. ಬೇಡವೆಂದೆ. ನೀನು ಮಾಡಿದ್ದಕ್ಕೆ ಅವಳ ಹೊಟ್ಟೆಯ ಮೇಲೆ ನಾನೇಕೆ ಹೊಡೆಯಲಿ? ನಿನಗೆ ಸಿಗಲಿಲ್ಲವೆಂದು ತಿಳಿದ ದಿನ ನೀನು ಉಣ್ಣಲಿಲ್ಲ. ನಿನ್ನ ಮುಖ ನೋಡಿ ನಾನೂ ಉಣ್ಣಲಿಲ್ಲ, ನೆನಪಿದೆಯೇ?

ನಾರಿನ್‌ಗೆ, ಅಪ್ಪನ ಮನೆಗೆ ಹೊರಟಿದ್ದೇನೆ. ಕರೆಯಲು ಬರಬೇಡ. ಚೋಲ್ಪೋನಳ ಮಾತು ಅತ್ತೆಯ ಕಿವಿಗೂ ಬಿದ್ದಿದೆ. ಮೊಮ್ಮಗು ಬರುತ್ತದೆಂದು ಹಿಗ್ಗಿ, ಪಕ್ಕದ ಮನೆಗೂ ಹೇಳಿ ಬಂದಿದ್ದಾರೆ. ಅದು ಸುಳ್ಳೆಂದು ನೀನೇ ಹೇಳು. ನನ್ನಿಂದಾಗಲಿಲ್ಲ.

"ನೀನು ಹೋದ್ರೆ ನಂಗೆ ತಡ್ಕೊಳ್ಳೋಕಾಗಲ್ಲ" ಎಂದು ಒಂದೇ ಒಂದು ಮಾತು ಅಂದಿದ್ದರೆ, ನಾನಾಗಿಯೇ ಉಳಿಯುತ್ತಿದ್ದೆ ಕಣೋ.

ಬುರುಲ್