ಮೂರನೇ ಸಲದ ಅಂಕಿ

ಅಪ್ಪಾ,

ನಿನ್ನ ಬಿಪಿ ಮಷೀನನ್ನು ಇವತ್ತು ನಮ್ಮ ಲ್ಯಾಬಿಗೆ ಒಯ್ದಿದ್ದೆ. ಆಸ್ಪತ್ರೆಗಳ ಮಷೀನುಗಳನ್ನೆಲ್ಲ ಪರೀಕ್ಷಿಸುವ ನಾನು ಇದನ್ನು ಮಾತ್ರ ಪರೀಕ್ಷಿಸದೆಯೇ ಸುಳ್ಳುಬುರುಕ ಅಂದಿದ್ದೆ.

ನಿನ್ನ ಕೊನೆಯ ವಾರ ಅದು ದಿನಾ ನೂರ ತೊಂಬತ್ತು ತೋರಿಸುತ್ತಿತ್ತು. "ಮಷೀನು ಕೆಟ್ಟಿದೆ, ಇನ್ನೊಂದ್ಸಲ ನೋಡೋಣ" ಅನ್ನುತ್ತಿದ್ದೆ ನಾನು. ಮೂರನೇ ಸಲ ನೂರ ಐವತ್ತು ಬಂದರೆ ಅದೇ ಮಷೀನು ನನಗೆ ಸತ್ಯವಂತ. "ಡಾಕ್ಟ್ರ ಹತ್ರ ಹೋಗ್ಬೇಕಾ?" ಅಂತ ನೀನು ಒಮ್ಮೆ ಕೇಳಿದೆ. ನಾನು ಬೇಡ ಅಂದೆ. "ನೀನೇ ಹೇಳಿದ್ಮೇಲೆ ಮುಗೀತು ಬಿಡು" ಅಂತ ನೀನು ಅಂಗಿಯ ತೋಳು ಇಳಿಸಿಕೊಂಡೆ.

ಇವತ್ತು ಹತ್ತು ಸಲ ನೋಡಿದೆ. ಒಂದು ಸಲವೂ ಅದು ತಪ್ಪಲಿಲ್ಲ.

"ಚೆನ್ನಾಗಿದೆಯಲ್ಲ, ಯಾರದು?" ಅಂದಳು ಪಕ್ಕದ ಮೇಜಿನವಳು. ನಿಯಮದಂತೆ 'ಸರಿಯಿದೆ' ಎಂಬ ಹಸಿರು ಚೀಟಿ ಅಂಟಿಸಿ, ಕೆಳಗೆ ನನ್ನ ಸಹಿ ಹಾಕಿದೆ.