ಚೌತಿಗೆ ಕಟ್ಟಿದ ಉಂಡಿ

೨೮ ಜುಲೈ ೨೦೨೦, ಮಂಗಳವಾರ. ಉದಗೀರ.

ತಪಾಸಣೆಗೆಂದು ಆನ್‌ಲೈನ್‌ನಲ್ಲಿ ಗಿರಾಕಿಗಳಂತೆ ನಾವೇ ತರಿಸಿದ ಶೇಂಗಾ ಉಂಡಿಯ ಪಾಕೀಟಿನ ಮೇಲೆ ತಾರೀಖೇ ಇಲ್ಲ. ನಮ್ಮ ಆಹಾರ ತಪಾಸಣೆ ಕಚೇರಿಯ ಸ್ನೇಹಲ ಮೊದಲು ಕಂಡು ಹೇಳಿದಳು. ‘ಕಟ್ಟಿದ್ದು ಶ್ರಾವಣ ಶುದ್ಧ ಚೌತಿ, ಹುಣ್ಣಿವಿ ತನಕ ತಿನ್ನಬಹುದು’ ಎಂದಷ್ಟೇ ಬರೆದಿದೆ. ನಿಯಮದಂತೆ ಇಂಥದ್ದರ ಮಾರಾಟ ನಿಲ್ಲಿಸಬೇಕು.

ಕಟ್ಟಿದವರು ಕಾಸಾರಶಿರಸಿಯ ಪ್ರಯಾಗಬಾಯಿ. ಕೊರೊನಾದಿಂದ ಸಂತೆ ನಿಂತ ಮೇಲೆ ಅವರ ಮನೆ ನಡೆಯುವುದು ಈ ಉಂಡಿಯಿಂದಲೇ. ಫೋನ್ ಮಾಡಿದೆ.

“ತಾರೀಖ್ ಯಾಕ ಬರ್ದಿಲ್ರೀ, ಬಾಯಿ?”

“ಬರ್ದೀನಲ್ರೀ ಸಾಹೇಬ್ರ! ನಿಮ್ಮ ಆಫೀಸಿನ್ಯಾಗ ಪಂಚಾಂಗ ಇಲ್ಲೇನ್ರೀ?”

“ಪುಣೆ ಗಿರಾಕಿಗೆ ಹ್ಯಾಂಗ ತಿಳೀತದ?”

“ಪಂಚಮಿ ಯಾವಾಗಂತ ಗೊತ್ತಿಲ್ದಾಂವಗ ಪಂಚಮಿ ಉಂಡಿ ಯಾಕ್ರೀ?”

ಸ್ನೇಹಲ ನಗು ತಡೆಯಲಾರದೆ ಹೊರಗೆ ಹೋದಳು. ಕ್ಯಾಲೆಂಡರ್ ನೋಡಿದೆ. ನಾಗರ ಪಂಚಮಿಯ ಹಿಂದಿನ ದಿನದ ಈ ಚೌತಿ ಬಂದದ್ದು ಶುಕ್ರವಾರ, ಇಪ್ಪತ್ತನಾಲ್ಕಕ್ಕೆ. ಉಂಡಿ ತಾಜಾ ಇದೆ, ಬರೆದದ್ದರಲ್ಲಿ ಸುಳ್ಳಿಲ್ಲ. ಅಚ್ಚುಕಟ್ಟಾದ ತಾರೀಖಿನ ಕೆಳಗೆ ಮುಗ್ಗಿದ ಚಿವಡಾ ಈ ವಾರವೇ ಎರಡು ಸಲ ಕಂಡಿದ್ದೇನೆ. ಮಾರಾಟ ನಿಲ್ಲಿಸಲಿಲ್ಲ. ಪಾಕೀಟಿನ ಮೇಲಿನ ಚೀಟಿ ತಿದ್ದಲು ಮೂರು ದಿನ ಕೊಟ್ಟೆ.

“ತಾರೀಖ್ ಬರೀತೀನ್ರೀ. ಆದ್ರ ಚೌತಿ ಅಳಸಂಗಿಲ್ಲ ನೋಡ್ರಿ.”

ಎರಡೂ ಇರಲಿ ಎಂದೆ. ಇಡೀ ದಿನ ಮನಸ್ಸು ಹಗುರಾಗಿತ್ತು.

ಶುಕ್ರವಾರ ಹನ್ನೊಂದಕ್ಕೆ ಕಾಸಾರಶಿರಸಿಯಲ್ಲಿ ಹೊಸ ಚೀಟಿ ಮತ್ತು ಅಡುಗೆಮನೆಯ ತಪಾಸಣೆ.